ಇಳಿಯದ ಗಾಜು

ಸಿಗ್ನಲ್ಲಿನಲ್ಲಿ ಕಾರು ನಿಂತದ್ದೇ ತೂಕದ ಸಾಹೇಬನ ಬೆರಳು ತಾನಾಗಿ ಬಾಗಿಲ ಮೇಲಿನ ಸ್ವಿಚ್ಚಿಗೆ ಹೋಯಿತು, ಒತ್ತಿತು, ಗಾಜು ಅಲುಗಲಿಲ್ಲ. ಅದು ನಿನ್ನೆ ಮಧ್ಯಾಹ್ನ ತಾನೇ ಮಾಡಿಟ್ಟ ಕೆಲಸದ ಫಲ ಎಂಬುದು ಒತ್ತಿದ ಮೇಲೆ ನೆನಪಾಯಿತು. ಹೊರಗೆ ಬಿಸಿಲು ಡಾಂಬರನ್ನು ಕಾಯಿಸುತ್ತಿತ್ತು. ಏಸಿ ಸತ್ತು ಆರು ವರ್ಷ. ನಾಲ್ಕೂ ಗಾಜು ಏರಿಸಿದ ಆ ಹಳೇ ಕಾರಿನೊಳಗೆ ಸೀಟಿನ ರೆಕ್ಸಿನ್ನು, ಧೂಳು, ಪಕ್ಕದಲ್ಲಿ ಕೂತ ಹೆಂಡತಿಯ ತಲೆಯೆಣ್ಣೆ ಎಲ್ಲ ಸೇರಿ ಒಂದೇ ವಾಸನೆಯಾಗಿ ಮೂಗಿಗೆ ಅಡರಿತ್ತು. ಬೆನ್ನಿಗಂಟಿದ ಅಂಗಿಯನ್ನು ಬಿಡಿಸಿಕೊಳ್ಳಲು ಅವನು ಮುಂದಕ್ಕೆ ಬಾಗಿದ. ಅವಳು ಮಾತ್ರ ಬೆವರನ್ನೂ ಒರೆಸಿಕೊಳ್ಳದೆ ನೇರ ಮುಂದೆ ನೋಡುತ್ತ ಕೂತಿದ್ದಳು. ಮಡಿಲಲ್ಲಿ ಕೈಚೀಲ, ಚೀಲದ ಬಾಯಿಯಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಕವರು. ಕಾರಲ್ಲಿ ಕೂತರೆ ಅವಳಿಗೆ ಹೊಟ್ಟೆ ತೊಳಸುತ್ತದೆ, ಗಾಳಿ ಬೇಕಾಗುತ್ತದೆ. ಗಾಳಿ ಸಿಗದ್ದರಿಂದ ಹನ್ನೊಂದು ವರ್ಷದಿಂದ ಕವರು ಇಟ್ಟುಕೊಂಡು ಬರುತ್ತಾಳೆ. “ನಿಮ್ಮ ಕಡೇದೂ ಕೆಟ್ಟಿತಾ?” ಎಂದಳು. “ಹೂಂ, ಹಳೇ ಗಾಡಿ ನೋಡು.” “ನಿನ್ನೆ ಬೆಳಿಗ್ಗೆ ಸರಿ ಇತ್ತಲ್ಲ.” “ಕೆಡೋದಕ್ಕೂ ಮುಹೂರ್ತ ನೋಡ್ಬೇಕಾ?” ಎಂದು ರೇಗಿದ. ರೇಗಿದರೆ ಅವಳು ಸುಮ್ಮನಾಗುತ್ತಾಳೆ. ಚೀಲದ ಕವರನ್ನು ಇನ್ನೊಂದು ಮಡಿಕೆ ಮಡಿಸಿದಳು.

ತೂಕದ ಸಾಹೇಬ ಎಂದು ಅವನಿಗೆ ಹೆಸರಿಟ್ಟದ್ದು ಮಾರುಕಟ್ಟೆಯವರು. ತೂಕ-ಅಳತೆ ಇಲಾಖೆಯಲ್ಲಿದ್ದು ಮೂವತ್ತೆರಡು ವರ್ಷ ಅಂಗಡಿ ಅಂಗಡಿ ಹೊಕ್ಕು ತಕ್ಕಡಿ ಪರೀಕ್ಷಿಸಿ, ತೂಕದ ಕಲ್ಲಿನ ಬುಡದಲ್ಲಿ ಸೀಸ ಕೊರೆದು ತೆಗೆದವರನ್ನು, ತಟ್ಟೆಯಡಿ ಅಯಸ್ಕಾಂತ ಅಂಟಿಸಿದವರನ್ನು ಹಿಡಿದು ಹೊರಗೆಳೆದವನು. ಹಿಡಿದದ್ದನ್ನು ಗಿರಾಕಿಗಳೆದುರಿಗೇ ಎತ್ತಿ ತೋರಿಸುತ್ತಿದ್ದ. ಕಿವಿಯವರೆಗೂ ಕೆಂಪೇರುವ ಅಂಗಡಿಯವನ ಮುಖ ನೋಡುವುದರಲ್ಲಿ ಅವನಿಗೊಂದು ಸುಖವಿತ್ತು, ಸುಳ್ಳೇಕೆ. ನಿವೃತ್ತನಾಗಿ ಎರಡು ವರ್ಷವಾದರೂ ತರಕಾರಿಯವಳು ಅವನನ್ನು ಕಂಡರೆ ಇನ್ನೊಂದು ಬದನೆಕಾಯಿ ಹೆಚ್ಚಿಗೆ ಹಾಕುತ್ತಾಳೆ. ಅಂಥವನು ಈಗ ಕಾರಿನ ವೈರಿಂಗ್ ರಿಪೇರಿಯವನೊಬ್ಬನ ಅಂಗಡಿಗೆ ಹೋಗಲು ಹೆದರುತ್ತಿದ್ದ. ಕಾರಣ ಇಷ್ಟೇ: ಈ ಕಾರಿನ ಮೂರು ಕಿಟಕಿಗಳು ಕೆಟ್ಟಿವೆ ಎಂದು ಹನ್ನೊಂದು ವರ್ಷದಿಂದ ಹೆಂಡತಿಗೆ ಹೇಳುತ್ತ ಬಂದಿದ್ದಾನೆ, ಅವು ಒಂದು ದಿನವೂ ಕೆಟ್ಟಿರಲಿಲ್ಲ.

ಕಾರು ಕೊಂಡ ಮೊದಲ ದಿನದ ಮಾತು. ಎರಡನೇ ಕೈಯ ಗಾಡಿಯಾದರೂ ಹೊಳೆಯುತ್ತಿತ್ತು. ಅವಳು ಎಡಗಡೆ ಕೂತು, ಸ್ವಿಚ್ಚು ಒತ್ತಿ ಗಾಜು ಇಳಿಸಿ, ಏರಿಸಿ, ಮತ್ತೆ ಇಳಿಸಿ, ಅಂಗೈ ಹೊರಗೆ ಚಾಚಿ ಗಾಳಿಯನ್ನು ಹಿಡಿದುಕೊಂಡವಳಂತೆ ನಕ್ಕಳು. ಕೂದಲು ಕೆದರಿ ಬಾಯೊಳಗೆ ಹೋಗುತ್ತಿತ್ತು, ಆದರೂ ನಕ್ಕಳು. ಪಕ್ಕದ ಬಸ್ಸಿನಿಂದ ಯಾರೋ ಇಣುಕಿ ನೋಡಿದರು. ಅವನಿಗೇಕೋ ಮೈ ಉರಿಯಿತು. ಕಾರು ತನ್ನದು, ಕಂತು ತನ್ನದು, ನಗು ಮಾತ್ರ ಇವಳದಾ ಎನ್ನಿಸಿತೋ ಏನೋ, ಇವತ್ತಿಗೂ ಅವನಿಗೆ ಸರಿಯಾಗಿ ಗೊತ್ತಿಲ್ಲ. ಅವನ ಬಾಗಿಲಲ್ಲಿ ನಾಲ್ಕು ಕಿಟಕಿಗೂ ನಾಲ್ಕು ಸ್ವಿಚ್ಚು, ಅವುಗಳ ಮುಂದೆ ಒಂದು ಚಪ್ಪಟೆ ಲಾಕ್ ಗುಂಡಿ. ಅದನ್ನೊತ್ತಿದರೆ ಉಳಿದ ಬಾಗಿಲುಗಳ ಸ್ವಿಚ್ಚು ಸತ್ತಂತೆ. ಎಲ್ಲ ಕಿಟಕಿಯೂ ಓಡಿಸುವವನ ಕೈಯಲ್ಲಿ. ಅವಳು ಗಾಜು ಏರಿಸಿದ ಹೊತ್ತು ನೋಡಿ ಅದನ್ನು ಒತ್ತಿದ. ಅವಳು ಮತ್ತೆ ಇಳಿಸಲು ಹೋದಳು, ಆಗಲಿಲ್ಲ. “ಅಯ್ಯೋ ರೀ, ನಾನೇ ಏನಾದ್ರೂ ಕೆಡಿಸಿಬಿಟ್ನಾ?” ಎಂದಳು, ಪಿಂಗಾಣಿ ಬೀಳಿಸಿದ ಮಗುವಿನ ಮುಖ ಮಾಡಿ. ಇಲ್ಲ ಕಣೇ, ತಮಾಷೆಗೆ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. “ಸುಮ್ನೆ ಸುಮ್ನೆ ಒತ್ತಬಾರದು. ಹಳೇ ಗಾಡಿ, ಹಿಂದಿನವೂ ಹೋದವು ನೋಡು,” ಎಂದ. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡು ಮನೆಯವರೆಗೂ ಹಾಗೇ ಕೂತಳು. ಆ ಕೈ ನೋಡಿ ಅವನಿಗೆ ಅಯ್ಯೋ ಎನ್ನಿಸಿತು, ಹಿತವೂ ಆಯಿತು. ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡ. ಆ ಇನ್ನೊಂದು ದಿನಕ್ಕೆ ಹನ್ನೊಂದು ವರ್ಷ.

ಈಗ ಅವಳ ತಂಗಿ ಬರುತ್ತಿದ್ದಾಳೆ. ಎಂಟು ತಿಂಗಳ ಹಿಂದೆ ಅಮ್ಮ ಸತ್ತಾಗ ಹೊತ್ತಿಗೆ ಸರಿಯಾಗಿ ಬರಲಾಗದೆ ಉಳಿದವಳು. ಅಮ್ಮನ ಕೊನೇ ಗಳಿಗೆ ಹೇಗಿತ್ತು, ಆಸ್ಪತ್ರೆಗೆ ಹೋಗುವಾಗ ಕಾರಿನ ಯಾವ ಸೀಟಿನಲ್ಲಿ ಕೂತಿದ್ದಳು, ಏನು ಕೇಳಿದಳು ಎಂದು ಫೋನಿನಲ್ಲೇ ಹತ್ತು ಸಲ ಕೇಳಿದ್ದಾಳೆ. “ಅವಳನ್ನ ಆ ಮುಚ್ಚಿದ ಕಿಟಕಿ ಪಕ್ಕ ಕೂರಿಸೋಕೆ ನನ್ನ ಕೈಲಾಗಲ್ಲ,” ಎಂದು ಹೆಂಡತಿ ತಾನೇ ರಿಪೇರಿಯವನಿಗೆ ಫೋನು ಮಾಡಿ, ತಾನೇ ಹೊತ್ತು ಗೊತ್ತುಮಾಡಿ, ಆಮೇಲೆ ಇವನಿಗೆ ಹೇಳಿದಳು. ಮದುವೆಯಾದಂದಿನಿಂದ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಅವನಿಗೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೆಲ್ಲಗೆ ಲಾಕ್ ಗುಂಡಿ ಎತ್ತಿ, ತಾನಾಗಿ ಸರಿಹೋಯ್ತು ಅನ್ನೋಣವೆಂದು ಕೆಳಗಿಳಿದು ಕಾರಿನಲ್ಲಿ ಕೂತರೆ ಗುಂಡಿ ಮೇಲೇಳಲೇ ಇಲ್ಲ. ಹನ್ನೊಂದು ವರ್ಷದ ಧೂಳು ಸುತ್ತ ಗಟ್ಟಿಯಾಗಿ ಕೂತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಿಜವಾದ ಒಂದು ಕೇಡು ಬೇಕಾಗಿತ್ತು, ಅದನ್ನು ಬಲ್ಲವನೊಬ್ಬ ಕಂಡು ಹೌದು ಎನ್ನಬೇಕಾಗಿತ್ತು, ತೂಕದ ಕಲ್ಲಿಗೆ ಮುದ್ರೆ ಒತ್ತಿದ ಹಾಗೆ. ಬಾಗಿಲಿಗೂ ಕಾರಿನ ಮೈಗೂ ನಡುವೆ ವೈರುಗಳು ಹಾಯುವ ರಬ್ಬರ್ ಕೊಳವೆಯನ್ನು ಸರಿಸಿ, ಗಡ್ಡದ ಬ್ಲೇಡಿನಿಂದ ಎಲ್ಲಕ್ಕಿಂತ ದಪ್ಪಗಿದ್ದ ಕೆಂಪು ವೈರನ್ನು ಕೊಯ್ದ. ಮೂರು ಸಾಯಲೆಂದು ಕೊಯ್ದರೆ ತನ್ನದೂ ಸೇರಿ ನಾಲ್ಕೂ ಸತ್ತವು. ಎಂಥ ಕೈಗುಣ!

ವೈರಿನವನ ಅಂಗಡಿ ಎರಡು ಗೋಡೌನುಗಳ ನಡುವಿನ ಸಂದು. ತಗಡಿನ ಮಾಡು, ಗೋಡೆಯ ಮೊಳೆಗಳಿಗೆ ಬಣ್ಣಬಣ್ಣದ ವೈರಿನ ಸಿಂಬಿ, ನೆಲಕ್ಕೆ ಆಸಿಡ್ ಬಿದ್ದು ಎದ್ದ ಕಲೆ. ಅವನನ್ನು ಬೀದಿಯವರು ಮೂಗಣ್ಣ ಅನ್ನುತ್ತಿದ್ದರು. ಸುಟ್ಟ ವೈರನ್ನು ಮೂಸಿಯೇ ಯಾವ ಕಾರಿನದೆಂದು ಹೇಳುತ್ತಾನಂತೆ. ಐವತ್ತರ ಆಸುಪಾಸು, ಕನ್ನಡಕದ ಒಂದು ಕಡ್ಡಿಗೆ ಇನ್ಸುಲೇಷನ್ ಟೇಪು. “ಬನ್ನಿ ಅಮ್ಮಾ, ನೀವೇ ಅಲ್ವಾ ಫೋನ್ ಮಾಡಿದ್ದು?” ಎಂದು ಅವಳಿಗೆ ಖಾಲಿ ಬ್ಯಾಟರಿ ಡಬ್ಬಿಯ ಮೇಲೆ ಕಾಗದ ಹಾಸಿ ಕೂರಿಸಿದ. ಸಾಹೇಬನನ್ನು ಕೂತ್ಕೊಳ್ಳಿ ಅನ್ನಲಿಲ್ಲ. “ಎಷ್ಟು ದಿನದಿಂದ ಕೆಟ್ಟಿದೆ?” “ಮೂರು ಹನ್ನೊಂದು ವರ್ಷದಿಂದ,” ಎಂದಳು ಅವಳು. “ಇವರದು ನಿನ್ನೆಯಿಂದ.” ಮೂಗಣ್ಣ ಕನ್ನಡಕದ ಮೇಲಿಂದ ನೋಡಿದ. “ಹನ್ನೊಂದು ವರ್ಷ! ಇಷ್ಟು ವರ್ಷ ಬೇಯ್ತಾ ಕೂತಿದ್ರಾ ಅಮ್ಮಾ? ಸಾಹೇಬ್ರಿಗೆ ಪುರುಸೊತ್ತು ಸಿಗಲಿಲ್ವಾ?” “ಸಿಗಲಿಲ್ಲ,” ಎಂದಳು. ಸಾಹೇಬ ಗೋಡೆಯ ಕಡೆ ತಿರುಗಿ ಸಿಂಬಿಗಳನ್ನು ನೋಡುವವನಂತೆ ನಿಂತ.

ಮೂಗಣ್ಣ ಮೊದಲು ಫ್ಯೂಸು ನೋಡಿದ, ಸರಿಯಿತ್ತು. ಡೋರ್ ಪ್ಯಾಡು ಬಿಚ್ಚಿ ಟೆಸ್ಟ್ ಲ್ಯಾಂಪಿನ ಮೊನೆ ಚುಚ್ಚಿದ, ದೀಪ ಹತ್ತಲಿಲ್ಲ. ಬಾಗಿಲ ಈಚೆಗೆ ಚುಚ್ಚಿದ, ಹತ್ತಿತು. “ಇಲ್ಲೀವರೆಗೂ ಕರೆಂಟಿದೆ, ಬಾಗಿಲೊಳಗೆ ಹೋಗ್ತಿಲ್ಲ,” ಎಂದು ತನಗೆ ತಾನೇ ಹೇಳಿಕೊಂಡು ಸ್ವಿಚ್ಚು ಒತ್ತಿ ನೋಡಿದ, ಟಕ್, ಟಕ್. ಆ ಸದ್ದು ಸಾಹೇಬನನ್ನು ಎಂಟು ತಿಂಗಳ ಹಿಂದಿನ ದಾರಿಗೆ ಎಳೆದೊಯ್ದಿತು. ಅತ್ತೆಯ ಬೆರಳದು. ಹಿಂದಿನ ಸೀಟಿನಲ್ಲಿ, ಅವನ ಬೆನ್ನ ಹಿಂದೆಯೇ, ಗಾಜಿಗೆ ಕೆನ್ನೆ ಒತ್ತಿ ಕೂತ ಅತ್ತೆ ಸತ್ತ ಸ್ವಿಚ್ಚನ್ನು ಟಕ್, ಟಕ್ ಎಂದು ಒತ್ತುತ್ತಲೇ ಇದ್ದಳು. ಮುಂದೆ ಲಾರಿ, ಹಿಂದೆ ಬಸ್ಸು, ಆಸ್ಪತ್ರೆ ಇನ್ನೂ ಎರಡು ಮೈಲಿ, ವಾಹನ ಇರುವೆಯಷ್ಟೂ ಸರಿಯುತ್ತಿಲ್ಲ. “ಅಳಿಯಂದ್ರೇ, ಒಂದ್ಚೂರು ಗಾಳಿ ಬಿಡ್ರಪ್ಪಾ.” ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಆರುತ್ತಿತ್ತು, ಕನ್ನಡಿಯಲ್ಲಿ ಕಾಣುತ್ತಿತ್ತು ಅವನಿಗೆ. “ಕೆಟ್ಟಿದೆ ಅತ್ತೇ, ನನ್ನ ಕಿಟಕಿ ತೆಗೆದಿದೀನಲ್ಲ, ಸ್ವಲ್ಪ ತಡ್ಕೊಳ್ಳಿ.” ತೆಗೆದ ಕಿಟಕಿಯಿಂದ ಬರುತ್ತಿದ್ದುದು ಲಾರಿಯ ಹೊಗೆ, ಅದೂ ಅವನ ಪಾಲಿಗೆ. ಆಗ ಹೆಂಡತಿ ಅಮ್ಮನ ತಲೆ ಹಿಡಿದುಕೊಂಡೇ ಹೇಳಿದಳು, “ರೀ, ನಿಮ್ಮ ಕಡೆಯಿಂದ ಒಂದ್ಸಲ ಒತ್ತಿ ನೋಡ್ರಿ.” ಬೆರಳ ಕೆಳಗೇ ಇತ್ತು. ಒತ್ತಿದರೆ ಗಾಜು ಇಳಿಯುತ್ತಿತ್ತು. ಇಳಿದರೆ ಅವಳು ಕೇಳುತ್ತಿದ್ದಳು, ಇದು ಸರಿಯಿತ್ತಾ, ಯಾವತ್ತಿನಿಂದ ಸರಿಯಿತ್ತು ಎಂದು. ಸಾಯುವವಳೆದುರಿಗೆ ಅವನ ಕಿವಿ ಕೆಂಪಾಗುತ್ತಿತ್ತು. ಅವನು ಉಗುರಿನಿಂದ ಸ್ವಿಚ್ಚಿನ ಪಕ್ಕದ ಪ್ಲಾಸ್ಟಿಕ್ಕಿಗೆ ಟಕ್ ಟಕ್ ತಟ್ಟಿ, “ಆಗ್ತಿಲ್ಲ ನೋಡು,” ಎಂದ. ಅತ್ತೆ ಆಸ್ಪತ್ರೆಯ ಮೊಗಸಾಲೆಯಲ್ಲಿ, ಗಾಲಿ ಮಂಚದ ಮೇಲೆ, ಇನ್ನೂ ಬೆರಳು ಆಡಿಸುತ್ತಲೇ ಹೋದಳು. ಹೃದಯ ಪೂರ್ತಿ ಸೋತಿತ್ತು, ಯಾರೇನು ಮಾಡಿದ್ರೂ ಉಳೀತಿರಲಿಲ್ಲ ಎಂದರು ಡಾಕ್ಟರು. ಆ ಮಾತನ್ನು ಅವನು ಎಂಟು ತಿಂಗಳಿಂದ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾನೆ. ಗಾಳಿ ಕೇಳಿದವಳಿಗೆ ಗಾಳಿ ಕೊಡಲಿಲ್ಲ ಎಂಬುದಕ್ಕೆ ಮಾತ್ರ ಡಾಕ್ಟರರ ಬಳಿ ಮಾತಿರಲಿಲ್ಲ.

“ಸಿಕ್ಕಿತು ಕಳ್ಳ,” ಎಂದ ಮೂಗಣ್ಣ. ಸಾಹೇಬ ಬೆಚ್ಚಿಬಿದ್ದ. ಮೂಗಣ್ಣ ರಬ್ಬರ್ ಕೊಳವೆಯೊಳಗಿಂದ ಕೆಂಪು ವೈರಿನ ಎರಡು ತುದಿಗಳನ್ನು ಎಳೆದು ಬೆಳಕಿಗೆ ಹಿಡಿದ. “ಬನ್ನಿ ಸಾರ್, ನೋಡಿ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ವೈರು ಇಲ್ಲೇ ಮುರಿಯೋದು ಲೋಕಾರೂಢಿ. ಆದ್ರೆ ತಾನಾಗಿ ಮುರಿದ ತುದಿ ಹೇಗಿರುತ್ತೆ? ಎಳೆಎಳೆಯಾಗಿ, ಗಡ್ಡ ಕೆದರಿದ ಹಾಗೆ. ತಾಮ್ರ ಕಪ್ಪಾಗಿರುತ್ತೆ, ಹಸಿರು ಹಿಡಿದಿರುತ್ತೆ. ಇದು ನೋಡಿ, ಚಿನ್ನದ ಹಾಗೆ ಹೊಳೀತಿದೆ, ತುದಿ ಸಮ. ಇದು ಮುರಿದದ್ದಲ್ಲ, ಕೊಯ್ದದ್ದು. ನಿನ್ನೆ ಮೊನ್ನೆ.” ಹಿಡಿದದ್ದನ್ನು ಹಾಗೆ ಬೆಳಕಿಗೆ ಎತ್ತಿ ತೋರಿಸುವ ರೀತಿ ಸಾಹೇಬನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಕೈ ತಾನಾಗಿ ಕಿವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಪಾಡು. “ನಿಮಗಾಗದವರು ಯಾರಾದ್ರೂ ಇದಾರಾ ಸಾರ್?” ಎಂದ ಮೂಗಣ್ಣ. ಸಾಹೇಬನಿಗೆ ಬಾಗಿಲು ತೆರೆದಂತಾಯಿತು. ಅವನು ಯೋಚಿಸಲೂ ಇಲ್ಲ. “ಕಾರು ತೊಳೆಯೋ ಮುದುಕ ಒಬ್ಬ ಇದಾನೆ ನಮ್ಮ ಬಿಲ್ಡಿಂಗಲ್ಲಿ. ಹೋದ ವಾರ ಚಕ್ರ ಸರಿಯಾಗಿ ತೊಳೆದಿಲ್ಲ ಅಂತ ಬೈದಿದ್ದೆ. ಆ ಸಿಟ್ಟಿಗೆ ಮಾಡಿದಾನೆ.” ಹೇಳುತ್ತ ಹೇಳುತ್ತ ಅದು ನಿಜವೇ ಇರಬೇಕೆನ್ನಿಸಿತು ಅವನಿಗೆ. ಹೆಂಡತಿಯ ಕಡೆ ನೋಡಿದ. ಅವಳು ಬ್ಯಾಟರಿ ಡಬ್ಬಿಯ ಮೇಲೆ ಕೂತಲ್ಲಿಂದಲೇ ಅವನನ್ನು ಬಹಳ ಹೊತ್ತು ನೋಡಿದಳು. “ಹೌದು, ಅವನೇ ಇರ್ಬೇಕು,” ಎಂದಳು ನಿಧಾನವಾಗಿ. “ನಾಳೆಯಿಂದ ಬರೋದು ಬೇಡ ಅಂತ ಹೇಳ್ಬಿಡಿ.” ಅವನಿಗೆ ಅವಳ ಮೇಲೆ ಪ್ರೀತಿಯೇ ಉಕ್ಕಿತು.

ವೈರು ಕೂಡಿಸಿ, ಬೆಸುಗೆ ಹಾಕಿ, ಟೇಪು ಸುತ್ತಿದ ಮೇಲೆ ಸಾಹೇಬನ ಬಾಗಿಲ ನಾಲ್ಕು ಸ್ವಿಚ್ಚಿಗೂ ನಾಲ್ಕು ಗಾಜು ಅಲುಗಿದವು. ಮೂರು ಗಾಜು ಮೊದಮೊದಲು ಕಿರುಗುಟ್ಟಿದವು, ಆಮೇಲೆ ಇಳಿದವು. “ನೋಡಿ ಅಮ್ಮಾ, ಮೋಟಾರು ಹೊಸದರ ಹಾಗಿದೆ, ಓಡಿಯೇ ಇಲ್ಲ ಪಾಪ,” ಎಂದು ಗಾಜು ಏರಿಸಿ, “ಈಗ ನೀವು ಹಿಂದೆ ಕೂತು ಅಲ್ಲಿಂದ ಒತ್ತಿ,” ಎಂದ. ಅವಳು ಹೋಗಿ ಅಮ್ಮ ಕೂತಿದ್ದ ಜಾಗದಲ್ಲೇ ಕೂತಳು. ಟಕ್, ಟಕ್. ಆಗಲಿಲ್ಲ. ಮೂಗಣ್ಣ ಹುಬ್ಬು ಗಂಟಿಕ್ಕಿದ, ಬಾಗಿದ, ಲಾಕ್ ಗುಂಡಿ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಶಿವನೇ! ಇದು ಒತ್ತಿಟ್ಟಿದೆಯಲ್ಲ ಸಾರ್! ಮಕ್ಕಳು ಗಾಜಿನ ಜೊತೆ ಆಡಬಾರದು ಅಂತ ಕೊಟ್ಟಿರೋ ಲಾಕು ಇದು. ಹನ್ನೊಂದು ವರ್ಷ ಏನೂ ಕೆಟ್ಟಿಲ್ಲ ಅಮ್ಮಾ, ಯಾರೋ ಲಾಕ್ ಹಾಕಿ ಮರೆತಿದಾರೆ!” ಗುಂಡಿಯ ಸುತ್ತ ಏನನ್ನೋ ಸಿಂಪಡಿಸಿ ಸ್ಕ್ರೂಡ್ರೈವರಿನ ಮೊನೆಯಿಂದ ಮೀಟಿದ. ಅದು ಪಟ್ಟೆಂದು ಎದ್ದಿತು. ಸಾಹೇಬನಿಗೆ ಒಂದೇ ದಾರಿ ಉಳಿದಿತ್ತು, ಪೆದ್ದನಾಗುವುದು. “ಹೌದಾ? ಹಿಂಗೊಂದು ಲಾಕಿದೆ ಅಂತ ನನಗೆ ಗೊತ್ತೇ ಇರಲಿಲ್ಲಪ್ಪ!” ಎಂದ. “ಮೂವತ್ತು ವರ್ಷ ಊರಿನವರ ತಕ್ಕಡಿ ನೋಡಿದೋರು, ಸ್ವಂತ ಗಾಡಿ ಗುಂಡಿ ನೋಡಲಿಲ್ವಲ್ಲ ಸಾರ್,” ಎಂದು ಮೂಗಣ್ಣ ಎದುರು ಅಂಗಡಿಯವನಿಗೂ ಕೇಳುವಂತೆ ನಕ್ಕ; ಎದುರು ಅಂಗಡಿಯವನೂ ನಕ್ಕ. ಸಾಹೇಬನೂ ನಕ್ಕ. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ. ಹಿಂದಿನ ಸೀಟಿನಲ್ಲಿ ಗಾಜು ಇಳಿಯಿತು, ಏರಿತು, ಮತ್ತೆ ಇಳಿಯಿತು. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ವಾಪಸು ಬರುವಾಗ ಅವಳು ಮುಂದೆ ಬರಲಿಲ್ಲ, ಹಿಂದೆಯೇ ಕೂತಳು. ಗಾಳಿ ರಭಸವಾಗಿ ಒಳಗೆ ನುಗ್ಗುತ್ತಿತ್ತು. ಗೆದ್ದೆ ಅನ್ನಿಸಿತು ಅವನಿಗೆ. ಇಷ್ಟೇನಾ ಎಂದು ಸ್ವಲ್ಪ ಬೇಜಾರೂ ಆಯಿತು. “ಕೊನೆಗೂ ಸರಿಹೋಯ್ತು ನೋಡು. ಒಂದು ಗುಂಡಿ, ಅಷ್ಟೇ. ಎಂಥಾ ಪೆದ್ದು ನಾನು,” ಎಂದ. ಬೆನ್ನ ಹಿಂದಿನಿಂದ, ಏರಿಳಿತವಿಲ್ಲದ ದನಿಯಲ್ಲಿ ಅವಳು ಹೇಳಿದಳು, “ನನಗೆ ಗೊತ್ತಿತ್ತು.” “ಏನು?” “ಗುಂಡಿ. ಕಾರು ತಂದ ಮೊದಲನೇ ವರ್ಷ. ನೀವು ನನ್ನ ಕಾರಲ್ಲೇ ಕೂರಿಸಿ ಆಫೀಸೊಳಗೆ ಹೋಗಿದ್ರಿ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಗಾಡಿ ಜೊತೆ ಬಂದ ಪುಸ್ತಕ ಇತ್ತಲ್ಲ, ಹೊತ್ತು ಹೋಗಲಿ ಅಂತ ಓದಿದೆ. ಚಿತ್ರ ಬರೆದು ತೋರಿಸಿದಾರೆ.” ಅವನ ಕಾಲು ಬ್ರೇಕನ್ನು ಹುಡುಕಿತು. ಹಿಂದಿನ ಬೈಕಿನವನು ಹಾರನ್ ಹೊಡೆದು ಏನೋ ಬೈದು ಮುಂದೆ ಹೋದ. “ಮತ್ತೆ ಯಾಕೆ ಹೇಳಲಿಲ್ಲ?” “ನೀವಾಗಿ ಹೇಳ್ತೀರಿ ಅಂತ ಕಾದೆ. ಆಮೇಲೆ ಕಾಯೋದೇ ಅಭ್ಯಾಸ ಆಯ್ತು. ಒಂದೊಂದು ಸಲ ವಾಂತಿ ಮಾಡ್ಕೊಳ್ವಾಗ್ಲೂ ಅನ್ಕೋತಿದ್ದೆ, ಇವತ್ತು ಒತ್ತಬಹುದು, ಇವತ್ತು ಒತ್ತಬಹುದು ಅಂತ.”

ಅವನು ಕಾರನ್ನು ರಸ್ತೆಯಂಚಿಗೆ ತರಲಿಲ್ಲ, ಓಡಿಸುತ್ತಲೇ ಇದ್ದ. ನಿಲ್ಲಿಸಿದರೆ ತಿರುಗಿ ನೋಡಬೇಕಾಗುತ್ತಿತ್ತು. “ಅವತ್ತು?” ಎಂದು ಕೇಳಿಯೇಬಿಟ್ಟ. ಗಾಳಿಯ ಸದ್ದಿನಲ್ಲಿ ಅವಳು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಯಿತು. “ಅವತ್ತೂ ಗೊತ್ತಿತ್ತು. ನೀವು ಉಗುರಲ್ಲಿ ತಟ್ಟಿದ್ರಿ, ಹಿಂದಿನ ಸೀಟಿಂದ ಚೆನ್ನಾಗಿ ಕಾಣುತ್ತೆ. ಲಾಕ್ ಬಿಡ್ರಿ, ಸುಳ್ಳು ಸಾಕು ಅಂತ ಒಂದು ಮಾತು ಅಂದಿದ್ರೆ ಅಮ್ಮನಿಗೆ ಗಾಳಿ ಸಿಗ್ತಿತ್ತು. ಅನ್ನಲಿಲ್ಲ. ಇಂಥಾ ಹೊತ್ತಲ್ಲಾದ್ರೂ ಒತ್ತಾರಾ ಇಲ್ವಾ, ನೋಡೇಬಿಡೋಣ ಅಂತ ಕೂತೆ. ನನ್ನ ಹೆತ್ತ ತಾಯಿ ಕಣ್ರೀ. ಅವಳ ತಲೆ ನನ್ನ ಕೈಯಲ್ಲಿತ್ತು. ನಾನು ನಿಮ್ಮ ಬೆರಳು ನೋಡ್ತಾ ಕೂತಿದ್ದೆ.” ಅವಳು ಅಳಲಿಲ್ಲ. ಅವನ ಎದೆಯೊಳಗೆ ಎಂಟು ತಿಂಗಳಿಂದ ಕೂತಿದ್ದ ಭಾರ ಒಮ್ಮೆಲೇ ಅರ್ಧ ಇಳಿದಂತಾಗಿ, ಥೂ, ಇದೆಂಥ ಮನುಷ್ಯ ತಾನು, ಅವನಿಗೆ ಸಂತೋಷವಾಯಿತು. ತನ್ನೊಬ್ಬನದೇ ಅಲ್ಲ. ತಕ್ಕಡಿಯ ಎರಡು ತಟ್ಟೆಯೂ ಸಮ. “ಸಮಾಧಾನ ಆಯ್ತಲ್ಲ ನಿಮಗೆ?” ಎಂದಳು ಅವಳು, ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತ. “ನಿನ್ನೆ ಮಧ್ಯಾಹ್ನ ತಾರಸಿ ಮೇಲೆ ಬಟ್ಟೆ ಹರವ್ತಿದ್ದೆ. ಬ್ಲೇಡು ಹಿಡ್ಕೊಂಡು ಕೂತಿದ್ದೂ ನೋಡಿದೆ.” “ಮತ್ತೆ... ಅಲ್ಲಿ ಆ ಮುದುಕನೇ ಇರ್ಬೇಕು ಅಂದ್ಯಲ್ಲ!” “ಅಂದೆ. ಏನು ಮಾಡ್ತೀರಿ ನೋಡೋಣ ಅಂತ.”

ಬಿಲ್ಡಿಂಗಿನ ಗೇಟಿನಲ್ಲಿ, ಮಧ್ಯಾಹ್ನ ಒಂದೂವರೆಯ ಬಿಸಿಲಿನಲ್ಲಿ, ಕಾರು ತೊಳೆಯುವ ಮುದುಕ ಬಕೆಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಉಳಿದ ಕಾರುಗಳನ್ನೆಲ್ಲ ತೊಳೆದು ಮನೆಗೆ ಹೋಗಬೇಕಾದವನು, ಇದೊಂದು ಬೆಳಿಗ್ಗೆ ಸಿಗಲಿಲ್ಲವೆಂದು ಕಾದಿದ್ದ. ಕಾರು ಕಂಡದ್ದೇ ಎದ್ದು, ಮೊಣಕಾಲು ಹಿಡಿದುಕೊಂಡು ಓಡೋಡಿ ಬಂದ. ಹಿಂದಿನ ಸೀಟಿನ ಕಡೆ ಇಳಿದಿದ್ದ ಗಾಜು ನೋಡಿ ಬೊಚ್ಚುಬಾಯಿ ಅಗಲಿಸಿದ. “ಅಮ್ಮೋರ ಕಿಟಕಿ ಸರಿಹೋಯ್ತಾ? ಭೇಷಾಯ್ತು ಬಿಡಿ! ಗಾಜಿನ ಮೇಲಂಚು ಒಂದು ದಿನಾನೂ ಒರೆಸೋಕೆ ಆಗಿರಲಿಲ್ಲ, ಕಪ್ಪು ಗೆರೆ ಕೂತ್ಬಿಟ್ಟಿತ್ತು. ಚಕ್ರಾನೂ ಇವತ್ತು ಬ್ರಷ್ ಹಾಕಿ ತಿಕ್ತೀನಿ ಸ್ವಾಮಿ, ನೀವಂದದ್ದು ಮರೆತಿಲ್ಲ,” ಎಂದು ಹೆಗಲ ಬಟ್ಟೆ ತೆಗೆದ. ಸಾಹೇಬ ಎಂಜಿನ್ ಆರಿಸಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಅವನ ಮೇಲೇ ಇತ್ತು. ಆಸ್ಪತ್ರೆಯ ದಾರಿಯಲ್ಲೂ ಅಲ್ಲಿಯೇ ಇದ್ದಿರಬೇಕು. ಏನೂ ಮಾಡಬೇಕಾಗಿರಲಿಲ್ಲ. ಸರಿಯಪ್ಪ, ತೊಳಿ ಎಂದರೆ ಸಾಕಿತ್ತು. ಆದರೆ ಎದುರು ಅಂಗಡಿಯವನ ನಗು ಇನ್ನೂ ಕಿವಿಯಲ್ಲಿತ್ತು, ಕಿವಿ ಇನ್ನೂ ಬಿಸಿಯಾಗಿಯೇ ಇತ್ತು. ತಾನು ಸುಳ್ಳುಗಾರನೆಂದು ಗೊತ್ತಿರುವವಳೆದುರಿಗೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಅವಳಿಗೆ ಸೋತಂತೆ ಎಂದು ಅವನಿಗೆ ತೋರಿತು. ತನ್ನ ಪಕ್ಕದ ಗಾಜು ಇನ್ನೂ ಏರಿಯೇ ಇತ್ತು, ಸ್ವಿಚ್ಚು ಒತ್ತಿದ. ಗಾಜು ಎಷ್ಟು ಹಗುರವಾಗಿ ಇಳಿಯಿತೆಂದರೆ ಕೈ ಹಿಂದಕ್ಕೆ ಬರುವುದರೊಳಗೆ ಮುದುಕನ ಬೆವರಿನ ಮುಖ ಎದುರಿಗೇ ಇತ್ತು.

“ನಾಳೆಯಿಂದ ನೀನು ಬರೋದು ಬೇಡ,” ಎಂದ.

ಮುದುಕನಿಗೆ ಅರ್ಥವಾಗಲಿಲ್ಲ, ಇನ್ನೂ ನಗುತ್ತಲೇ, ಒದ್ದೆ ಬಟ್ಟೆ ಹಿಡಿದುಕೊಂಡು, “ಸ್ವಾಮಿ?” ಎಂದ. ಹಿಂದಿನ ಸೀಟಿನಲ್ಲಿ ಅವಳು ಕನ್ನಡಿಯಿಂದ ಕಣ್ಣು ತೆಗೆದು ಮುದುಕನನ್ನೊಮ್ಮೆ ನೋಡಿದಳು. ಟಕ್ ಎಂದು ಅವಳ ಸ್ವಿಚ್ಚಿನ ಸದ್ದಾಯಿತು, ಅವಳ ಗಾಜು ತನ್ನಷ್ಟಕ್ಕೆ ಏರುತ್ತ ಬಂದು ಪೂರ್ತಿ ಮುಚ್ಚಿಕೊಂಡಿತು.